ಅತ್ತಿಗೆಯ ಬಟ್ಟೆ, ಲೋಯಿಸಳ ಕತ್ತರಿ

ನಮ್ಮ ಅತ್ತಿಗೆ ಕೆಜಾಯ ಟಟಲ್ ಭಾನುವಾರದ ಪ್ರಾರ್ಥನೆಯಲ್ಲಿ ಪಾದ್ರಿಗಳ ಮುಖ ನೋಡಿದ್ದನ್ನು ನಾನು ಕಾಣೆ. ಆಕೆಯ ಕಣ್ಣು ಮುಂದಿನ ಬೆಂಚಿನವರ ಬೆನ್ನ ಮೇಲಿರುತ್ತಿತ್ತು. ಯಾರ ಕೋಟಿನ ನೂಲು ಗಂಟುಗಂಟಾಗಿದೆ, ಯಾರ ಮಗ್ಗದಲ್ಲಿ ಹೊಕ್ಕು ಬಿಗಿಯಾಗಿ ಬಡಿಯದೆ ಬಟ್ಟೆ ಜಾಳಾಗಿದೆ, ಯಾರು ನೀಲಿ ಬಣ್ಣದಲ್ಲಿ ಒಂದು ಮುಳುಗು ಕಡಿಮೆ ಹಾಕಿದ್ದಾರೆ ಎಂದು ಎರಡು ಗಂಟೆಯ ಉಪದೇಶ ಮುಗಿಯುವಷ್ಟರಲ್ಲಿ ನಮ್ಮೂರು ಹ್ಯಾರೋಬರಿಯ ಅಷ್ಟೂ ತಪ್ಪುಗಳನ್ನು ಮನಸ್ಸಿನಲ್ಲಿ ಬರೆದುಕೊಂಡು ಹೊರಬರುತ್ತಿದ್ದಳು. ಒಂದೂ ತಪ್ಪು ಸಿಗದ ಭಾನುವಾರ ನಮ್ಮ ಮನೆಯಲ್ಲಿ ಊಟ ನೆಮ್ಮದಿಯಾಗಿ ಆಗುತ್ತಿರಲಿಲ್ಲ.

ನಾನು ಆಕೆಯ ನಾದಿನಿ, ಸಬ್ಮಿಟ್. ಅಣ್ಣ ಎಲಿಫಲೆಟ್ ಪೀಪಾಯಿ ಮಾಡುವವನು. ಅವನು ಕೆಜಾಯಳನ್ನು ಮದುವೆಯಾಗಿ ತಂದಾಗ ಆಕೆಗೆ ಹತ್ತೊಂಬತ್ತು, ನನಗೆ ಹದಿಮೂರು. ಬಂಡಿಯಿಂದ ಮೊದಲು ಇಳಿದದ್ದು ಮದುಮಗಳಲ್ಲ, ಬಿಡಿಬಿಡಿಯಾಗಿ ಕಟ್ಟಿದ್ದ ಅವಳ ಮಗ್ಗ. ಎರಡು ಕೂಸುಗಳು ಹುಟ್ಟಿ ವರ್ಷ ತುಂಬುವ ಮುಂಚೆ ಹೋದವು. ಆಮೇಲೆ ಮಕ್ಕಳಾಗಲಿಲ್ಲ. ನನಗೂ ಮದುವೆಯಾಗಲಿಲ್ಲ. ಹೀಗೆ ಆ ಮನೆಯಲ್ಲಿ ಅವಳು ನೇಯುವವಳು, ನಾನು ನೂಲುವವಳು ಮತ್ತು ಹೊಲಿಯುವವಳು ಎಂದಾಯಿತು. ಸುತ್ತಲಿನ ನಾಲ್ಕು ಊರಿನಲ್ಲಿ 'ಕೆಜಾಯ ಟಟಲಳ ಬಟ್ಟೆ' ಎಂದರೆ ಎಲ್ಲರಿಗೂ ಗೊತ್ತಿತ್ತು. ಅದರ ನೂಲು ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ.

ಹೊಟ್ಟೆಕಿಚ್ಚು ಆಕೆಗೆ ಹುಟ್ಟಿನಿಂದ ಬಂದದ್ದು. ಒಮ್ಮೆ ಅಣ್ಣ ಪಕ್ಕದ ಮನೆಯ ಚೀಸ್ ತಿಂದು, "ಆಹಾ, ಏನ್ ರುಚಿ" ಎಂದುಬಿಟ್ಟ. ಮರುದಿನದಿಂದ ಒಂದು ತಿಂಗಳು ನಮ್ಮ ಮನೆಯಲ್ಲಿ ಚೀಸೇ ಚೀಸು. ಬೆಳಿಗ್ಗೆ ಜೋಳದ ಗಂಜಿಯ ಜೊತೆ ಚೀಸು, ಮಧ್ಯಾಹ್ನ ಬೀನ್ಸ್ ಕಾಳಿನ ಜೊತೆ ಚೀಸು. ಕೊನೆಗೆ ಅಣ್ಣ ಕೈಮುಗಿದು, "ನಿನ್ನ ಚೀಸೇ ಚೆನ್ನಾಗಿದೆ ಕಣೇ, ಅವರದನ್ನ ನಾಯಿ ಮೂಸಲ್ಲ" ಎಂದ ಮೇಲೆ ನಿಂತಿತು.

ಇಂಗ್ಲೆಂಡಿನ ರಾಜನ ವಿರುದ್ಧ ಯುದ್ಧ ಶುರುವಾಗಿ ಎರಡನೆಯ ವರ್ಷಕ್ಕೆ, ನಮ್ಮ ಸೀಮೆಯ ಸರ್ಕಾರವಿದ್ದ ಹಾರ್ಟ್‌ಫರ್ಡಿನಿಂದ ಅಪ್ಪಣೆ ಬಂತು. ಪ್ರತಿ ಊರೂ ತನ್ನಲ್ಲಿಂದ ದಂಡಿಗೆ ಹೋದವರಿಗೆ ಬಟ್ಟೆ ಒದಗಿಸಬೇಕು. ತಲೆಗೆ ಎರಡು ಅಂಗಿ, ಒಂದು ಉಣ್ಣೆಯ ಷರಾಯಿ, ಎರಡು ಜೊತೆ ಕಾಲುಚೀಲ. ನಮ್ಮೂರಿಂದ ಹೋದವರು ಅರುವತ್ತು ಮಂದಿ. ಬಟ್ಟೆ ಕೂಡಿಸುವ ಕೆಲಸವನ್ನು ಊರಸಭೆ ಡೀಕನ್ ಅಮಾಸ ಪೆಕ್‌ಗೆ ವಹಿಸಿತು. ಡೀಕನ್ನರು ಪ್ರಾರ್ಥನಾ ಮಂದಿರದ ಹಿರಿಯರು. ಸಣ್ಣ ಆಳು, ದೊಡ್ಡ ಗಂಟಲು. ಅವರು ಒಂದು ರೂಢಿ ಮಾಡಿದರು. ಪ್ರತಿ ಭಾನುವಾರ ಉಪದೇಶ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು, ಆ ವಾರ ಯಾವ ಮನೆಯ ಹೆಂಗಸು ಎಷ್ಟು ಅಂಗಿ ಕೊಟ್ಟಳೆಂದು ಗಟ್ಟಿಯಾಗಿ ಓದುವುದು. ನಾಚಿಕೆಯಿಂದಾದರೂ ಜನ ಕೊಡಲಿ ಎಂಬ ಲೆಕ್ಕ ಅವರದು.

ಅತ್ತಿಗೆಗೆ ಇದು ಸ್ವರ್ಗ. ಮೊದಲ ವರ್ಷ ಪಟ್ಟಿಯ ತಲೆಯಲ್ಲಿ ಯಾವಾಗಲೂ ಅವಳ ಹೆಸರೇ. ಅವಳ ಅಗಸೆನಾರಿನ ಬಟ್ಟೆಯನ್ನು ಡೀಕನ್ನರು ಬಿಸಿಲಿಗೆ ಎತ್ತಿ ಹಿಡಿದು, "ಸೂಜಿ ತುದಿ ತೂರೋಕೆ ಜಾಗ ಇಲ್ಲ ನೋಡಿ" ಎನ್ನುತ್ತಿದ್ದರು. ಅತ್ತಿಗೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಟೋಪಿಯ ಅಂಚಿನ ಕೆಳಗೆ ಆ ತುಟಿ ಹೇಗೆ ಅರಳುತ್ತಿತ್ತೆಂದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. ಆ ಅಂಗಿಗಳ ಒಂದೊಂದು ಹೊಲಿಗೆಯೂ ನನ್ನದು.

ಮರುವರ್ಷ ವಸಂತದಲ್ಲಿ ರಾಜನ ದಂಡು ಡ್ಯಾನ್‌ಬರಿಗೆ ನುಗ್ಗಿ ಊರು ಸುಟ್ಟಿತು. ಅಲ್ಲಿಂದ ಓಡಿಬಂದವರಲ್ಲಿ ಒಬ್ಬಳು ಲೋಯಿಸ್ ಪ್ರಿಂಡಲ್. ದರ್ಜಿಯ ಹೆಂಡತಿ. ಗಂಡ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಮೂವತ್ತೈದರ ಆಸುಪಾಸು, ಎತ್ತರದ ಮೈ, ಕೂದಲು ಹಣೆಯ ಹತ್ತಿರ ಸುಟ್ಟು ಮೋಟಾಗಿತ್ತು, ಬಲಗೈಗೆ ಬೇಸಿಗೆಯಲ್ಲೂ ಉಣ್ಣೆಯ ಕೈಗವಸು. ಅವಳ ಹತ್ತಿರ ಇದ್ದದ್ದು ಉಟ್ಟ ಬಟ್ಟೆ ಮತ್ತು ಗಂಡನ ದೊಡ್ಡ ಕತ್ತರಿ, ಅಷ್ಟೆ. ರಾಜನ ಪಕ್ಷ ಸೇರಿ ಓಡಿಹೋಗಿದ್ದವನೊಬ್ಬನ ಅಂಗಡಿ ಖಾಲಿ ಬಿದ್ದಿತ್ತು. ಅದರ ಹಿಂದಿನ ಕೋಣೆಯಲ್ಲಿ ಅವಳನ್ನು ಇರಿಸಿದರು. ಸದ್ಯಕ್ಕೆ, ಎಂದು ಊರ ಹಿರಿಯರು ಒತ್ತಿ ಹೇಳಿದ್ದರು. ನಮ್ಮ ಕಡೆ, ಹೊರಗಿನಿಂದ ಬಂದವರು ತಮ್ಮ ದುಡಿಮೆಯಲ್ಲಿ ತಾವು ಬದುಕಲಾರರು ಎಂದು ಕಂಡರೆ ಊರಿನವರು ಚೀಟಿ ಕೊಟ್ಟು ಗಡಿ ದಾಟಿಸಿಬಿಡುತ್ತಿದ್ದರು.

ಜೂನ್ ತಿಂಗಳ ಒಂದು ದಿನ ಡೀಕನ್ನರು ಅತ್ತಿಗೆ ನೇಯ್ದ ಬಟ್ಟೆಯ ಒಂದು ಸುರುಳಿಯನ್ನು ಲೋಯಿಸಳ ಮುಂದೆ ಬಿಚ್ಚಿದರು. ಅದರಲ್ಲಿ ಮೂರು ಅಂಗಿಯಾಗುತ್ತದೆ ಎಂದು ಊರಿಗೆಲ್ಲ ಗೊತ್ತಿದ್ದ ಲೆಕ್ಕ. ಲೋಯಿಸ್ ಬಟ್ಟೆಯನ್ನು ಒಂದು ಸಲ ಎಡಗೈಯಲ್ಲಿ ಗೇಣು ಹಾಕಿ ನೋಡಿದಳು. ಮಡಚಿದಳು, ಮತ್ತೆ ಬಿಚ್ಚಿ ಅಡ್ಡಕ್ಕೆ ಮಡಚಿದಳು. ಆಮೇಲೆ ಕತ್ತರಿ ಹಾಕಿದಳು. ಡೀಕನ್ನರ ಅಂಗಳದಲ್ಲಿ ನಾವು ಏಳೆಂಟು ಹೆಂಗಸರು ನಿಂತಿದ್ದೆವು. ಕತ್ತರಿ ಎಲ್ಲೂ ನಿಲ್ಲದೆ ಹೋಯಿತು.

"ನಾಲ್ಕು!" ಎಂದು ಡೀಕನ್ನರು ಕೂಗಿದರು. "ಏನಮ್ಮಾ ಇದು, ನಾಲ್ಕು ಅಂಗಿ! ಕಂಕುಳಿನ ತುಂಡುಗಳೂ ಇದರಲ್ಲೇ ಬಂದ್ವಲ್ಲ!"

"ಬಟ್ಟೆ ಹಾಗಿದೆ, ಡೀಕನ್ನರೇ" ಎಂದಳು ಲೋಯಿಸ್. "ಒಂದು ಎಳೆ ಅಂಕುಡೊಂಕಿಲ್ಲ. ಇಂಥ ಬಟ್ಟೆ ಕತ್ತರಿಸೋಕೆ ಪುಣ್ಯ ಬೇಕು. ಯಾರು ನೇಯ್ದಿದ್ದು?"

ಅತ್ತಿಗೆ ಮುಂದೆಯೇ ಇದ್ದಳು. ಆ ಪ್ರಶ್ನೆ ಡೀಕನ್ನರ ಕಿವಿಗೇ ಬೀಳಲಿಲ್ಲ. ಅವರು ನಾಲ್ಕನೆಯ ಅಂಗಿಯ ತುಂಡುಗಳನ್ನು ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸುತ್ತ ಓಡಾಡುತ್ತಿದ್ದರು.

ಮನೆಗೆ ಬರುವ ದಾರಿಯಲ್ಲಿ ಅತ್ತಿಗೆ ಕೇಳಿದಳು: "ನನ್ನ ಬಟ್ಟೇನೆ ತಾನೆ ಅದು?"

"ನಿನ್ನದೇ ಅತ್ತಿಗೆ."

"ನನ್ನ ಬಟ್ಟೆ ಮೇಲೆ ನಿಂತು ಅವಳು ಎತ್ತರ ಆದ್ಲು ನೋಡು."

ಅಂದಿನಿಂದ ಊರಿನ ಎಲ್ಲ ಮಗ್ಗಗಳ ಬಟ್ಟೆಯೂ ಲೋಯಿಸಳ ಕತ್ತರಿಯ ಕೆಳಗೆ ಹೋಗಬೇಕೆಂದು ಡೀಕನ್ನರು ಗೊತ್ತುಮಾಡಿದರು. ಕತ್ತರಿಸಿದ ತುಂಡುಗಳನ್ನು ಹೆಂಗಸರು ಒಯ್ದು ಹೊಲಿಯಬೇಕು. ಉಳಿಸಿದ ಬಟ್ಟೆಯಲ್ಲಿ ಆದ ಅಂಗಿಗಳನ್ನು ಲೋಯಿಸಳೇ ಹೊಲಿದು ತನ್ನ ಹೆಸರಿಗೆ ಕೊಡಬೇಕು. ಮೊದಲ ಕೆಲವು ವಾರ ಅವಳ ಹೆಸರಿಗೆ ಏನೂ ಬರಲಿಲ್ಲ. ಆಮೇಲೆ ಒಂದು, ಎರಡು, ಒಂದೇ ವಾರ ಮೂರು. ಆಗಸ್ಟಿನ ಒಂದು ಭಾನುವಾರ ಪಟ್ಟಿಯ ತಲೆಯಲ್ಲಿ 'ವಿಧವೆ ಪ್ರಿಂಡಲ್' ಎಂದು ಕೇಳಿಬಂತು. ಅತ್ತಿಗೆಯ ಹೆಸರು ಎರಡನೆಯದು.

ಆ ದಿನದಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಅತ್ತಿಗೆ ಬೆಳಕು ಹರಿದಾಗ ಮಗ್ಗಕ್ಕೆ ಕೂತರೆ ಏಳುತ್ತಿರಲಿಲ್ಲ. ನೂಲು ಸಾಲದೆ ಬಂದಾಗ ಹಾಸಿಗೆಯ ಮೇಲುಹೊದಿಕೆಗಳಿಗೆ ಕೈ ಹಾಕಿದಳು. ಆಮೇಲೆ ಮದುವೆಗೆ ತಾನೇ ನೇಯ್ದು ತಂದಿದ್ದ ಮಂಚದ ಪರದೆ, ನೀಲಿ ಬಿಳಿ ಚೌಕಳಿಯದು. ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಅಣ್ಣ ಬಾಗಿಲಲ್ಲಿ ನಿಂತಿದ್ದ.

"ಅದು ನಮ್ಮ ಮಂಚದ್ದು ಕಣೇ."

"ಸಿಪಾಯಿಗಳು ಚಳೀಲಿ ಸಾಯ್ತಿದ್ದಾರೆ, ನಿಮಗೆ ಮಂಚದ ಚಿಂತೆ."

"ಸಿಪಾಯಿಗಳಿಗೋಸ್ಕರನಾ ಇದು? ಆ ಪ್ರಿಂಡಲಮ್ಮ ನಾಳೆ ಊರು ಬಿಟ್ಟು ಹೋದ್ರೆ ನಾಡಿದ್ದು ನನ್ನ ಪರದೆ ವಾಪಸ್ ಬರುತ್ತೆ, ನೋಡ್ತಿರು."

"ಹೌದು! ಹೋಗ್ಲಿ! ಯಾರು ಕರೆದಿದ್ರು ಅವಳನ್ನ?"

ಅಣ್ಣ ತನ್ನ ಅಂಗಿಯ ತೋಳನ್ನು ಎಳೆದು ನೋಡಿಕೊಂಡ. "ಇನ್ನು ನನ್ನ ಮೈಮೇಲಿರೋದು ಒಂದು ಬಾಕಿ. ಸಬ್ಮಿಟ್, ನಾನು ಮಲಗಿರುವಾಗ ಕಾವಲು ಕಾಯಮ್ಮ" ಎಂದು ತನ್ನ ಕೆಲಸದ ಕೊಟ್ಟಿಗೆಗೆ ಹೋದ.

ನಾನು ನಗಲಿಲ್ಲ. ನನಗೆ ಹೆದರಿಕೆಯಾಗಿತ್ತು, ಏಕೆಂದರೆ ಲೋಯಿಸಳ ಹೆಸರಿಗೆ ಬರುತ್ತಿದ್ದ ಅಂಗಿಗಳನ್ನು ಹೊಲಿಯುತ್ತಿದ್ದವಳು ನಾನೇ.

ಅದು ಶುರುವಾದದ್ದು ಜುಲೈ ತಿಂಗಳಲ್ಲಿ. ಕತ್ತರಿಸಿದ ತುಂಡು ತರಲು ಲೋಯಿಸಳ ಕೋಣೆಗೆ ಹೋಗಿದ್ದೆ. ಅವಳು ಕಿಟಕಿಯ ಬಳಿ ಬೆನ್ನು ಮಾಡಿ ಕೂತಿದ್ದಳು. ಯಾವಾಗಲೂ ಹಾಕಿರುತ್ತಿದ್ದ ಉಣ್ಣೆಯ ಕೈಗವಸು ತೆಗೆದಿಟ್ಟಿದ್ದಳು. ಬಲಗೈಯ ನಡುವಿನ ಎರಡು ಬೆರಳು ಸುಟ್ಟು ಒಂದಕ್ಕೊಂದು ಅಂಟಿ ಬೆಳೆದಿದ್ದವು. ಹೆಬ್ಬೆರಳು ಅರ್ಧ ಮಾತ್ರ ಬಾಗುತ್ತಿತ್ತು. ಆ ಕೈಯಿಂದ ದೊಡ್ಡ ಕತ್ತರಿಯನ್ನು ಮುಷ್ಟಿ ಕಟ್ಟಿ ಹಿಡಿಯಬಹುದಾಗಿತ್ತು. ಸೂಜಿ ಹಿಡಿಯಲಾಗುತ್ತಿರಲಿಲ್ಲ. ಎಡಗೈಯಲ್ಲಿ ಒಂದು ಕಾಜ ಹೊಲಿಯಲು ಹೆಣಗುತ್ತಿದ್ದಳು. ದಾರವೆಲ್ಲ ಸಿಕ್ಕು, ಬಟ್ಟೆಯ ಮೇಲೆ ರಕ್ತದ ಚುಕ್ಕೆ.

ನನ್ನನ್ನು ಕಂಡು ಕೈ ಮುಚ್ಚಿಕೊಂಡಳು. "ಡೀಕನ್ನರಿಗೆ ಹೇಳ್ಬೇಡಿ. ಬರೀ ಕತ್ತರಿಸೋ ಕೆಲಸ ತಿಂಗಳಿಗೆ ಎರಡು ದಿನ, ಅದರಲ್ಲಿ ಹೊಟ್ಟೆ ತುಂಬಲ್ಲ ಅಂತಾರೆ. ಹೊಲಿಯೋಕೆ ಬರಲ್ಲ ಅಂತ ಗೊತ್ತಾದ್ರೆ ಚೀಟಿ ಕೊಟ್ಟುಬಿಡ್ತಾರೆ."

ನಾನು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಆ ಕಾಜ ಬಿಚ್ಚಿ ಮತ್ತೆ ಹೊಲಿದೆ. ಮುಗಿಸಿ ಕೊಟ್ಟಾಗ ಅವಳು ಅದನ್ನು ಬೆರಳಿನಿಂದ ಸವರಿ ನೋಡಿದಳು.

"ಟಟಲ್ ಮನೆ ಅಂಗಿಗಳೆಲ್ಲ ಇದೇ ಕೈಯದಾ?"

"ಹೂಂ."

"ಮತ್ತೆ ನಿಮ್ಮ ಹೆಸರು ಯಾಕೆ ಓದಲ್ಲ?"

ನನ್ನ ಮೂವತ್ತಾರು ವರ್ಷದ ಬದುಕಿನಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ಅಂದಿನಿಂದ ವಾರಕ್ಕೆರಡು ಮಧ್ಯಾಹ್ನ, ಮೊಟ್ಟೆ ಮಾರುವ ನೆಪದಲ್ಲಿ ಬುಟ್ಟಿ ಹಿಡಿದು ಅಲ್ಲಿಗೆ ಹೋಗತೊಡಗಿದೆ. ಉದ್ದ ಹೊಲಿಗೆಗಳನ್ನು ಅವಳು ಎಡಗೈಯಲ್ಲಿ ಹೇಗೋ ಹಾಕಿಟ್ಟಿರುತ್ತಿದ್ದಳು. ಕಾಲರು, ತೋಳಪಟ್ಟಿ, ಕಾಜ ನನ್ನವು. ಅವಳು ಡ್ಯಾನ್‌ಬರಿಯ ಕಥೆ ಹೇಳುತ್ತಿದ್ದಳು, ಅಂಗಡಿಗೆ ಬರುತ್ತಿದ್ದ ದೊಡ್ಡ ಮನುಷ್ಯರ ಹೊಟ್ಟೆಯ ಸುತ್ತಳತೆ ಹೇಳಿ ನಗಿಸುತ್ತಿದ್ದಳು.

ಕನಿಕರದಿಂದ ಹೋದೆ ಎಂದು ಬರೆದರೆ ಚಂದವಾಗಿರುತ್ತಿತ್ತು. ಕನಿಕರವೂ ಇತ್ತು, ಚೂರು. ಹೆಚ್ಚಾಗಿ ಇದ್ದದ್ದು ಭಾನುವಾರದ ಆಸೆ. ಡೀಕನ್ನರು 'ವಿಧವೆ ಪ್ರಿಂಡಲ್' ಎಂದು ಓದಿದಾಗ ಅತ್ತಿಗೆಯ ಕತ್ತಿನ ನರ ಎದ್ದು ನಿಲ್ಲುತ್ತಿತ್ತಲ್ಲ, ಅದನ್ನು ನೋಡಲು ನಾನು ಬೇಕೆಂದೇ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದೆ. ಅವಳ ಹೊಟ್ಟೆಕಿಚ್ಚು ಊರಿಗೆಲ್ಲ ಗೊತ್ತಿತ್ತು. ನನ್ನದು ಯಾರಿಗೂ ಗೊತ್ತಿರಲಿಲ್ಲ.

ನವೆಂಬರಿನಲ್ಲಿ ಬಂಡಿಗಳು ಹೊರಡುವ ಮುಂಚೆ ಎಲ್ಲ ಅಂಗಿಗಳನ್ನೂ ಡೀಕನ್ನರ ಕಣಜದಲ್ಲಿ ರಾಶಿ ಹಾಕಿದರು. ಒಂದೊಂದನ್ನೂ ಪರೀಕ್ಷೆ ಮಾಡಿ ಮೂಟೆ ಕಟ್ಟಬೇಕು. ಅತ್ತಿಗೆ ತಾನಾಗಿ ಹೋಗಿ, "ಪ್ರಿಂಡಲಮ್ಮನ ಕಂತೆ ನಾನು ನೋಡ್ತೀನಿ" ಎಂದಳು. ಡೀಕನ್ನರಿಗೆ ಅವಳ ಮನಸ್ಸು ತಿಳಿಯದೇನಲ್ಲ. "ನೋಡಮ್ಮ, ನಿನ್ನ ಕಣ್ಣಿಗಿಂತ ಚುರುಕು ಕಣ್ಣು ಎಲ್ಲಿದೆ" ಎಂದು ಬಿಟ್ಟುಕೊಟ್ಟರು.

ನಾನು ಎದುರಿಗೆ ಕಾಲುಚೀಲಗಳನ್ನು ಜೊತೆ ಮಾಡುತ್ತಿದ್ದೆ. ಅತ್ತಿಗೆ ಮೊದಲ ಅಂಗಿಯನ್ನು ಒಳಹೊರಗು ಮಾಡಿದಳು. ಉದ್ದ ಹೊಲಿಗೆ ಸ್ವಲ್ಪ ಓರೆ. ಅವಳ ಮುಖ ಬೆಳಗಿತು. ಕಾಲರಿಗೆ ಬಂದಳು. ತೋಳಪಟ್ಟಿಗೆ ಬಂದಳು. ಕಾಜದ ಮೇಲೆ ಅವಳ ಹೆಬ್ಬೆರಳು ನಿಂತಿತು. ನಾನು ಕಾಜ ಮುಗಿಸುವಾಗ ತುದಿಯಲ್ಲಿ ಎರಡು ಎಳೆ ಅಡ್ಡ ಹಾಕಿ ಅದರ ಮೇಲೆ ಮತ್ತೆ ಮೂರು ಸುತ್ತು ಸುತ್ತುತ್ತೇನೆ. ಹರಿಯುವುದಿಲ್ಲ. ನಮ್ಮ ಅಮ್ಮ ಕಲಿಸಿದ್ದು. ಊರಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ.

ಅವಳು ಎರಡನೆಯ ಅಂಗಿ ತೆಗೆದಳು. ಮೂರನೆಯದು. ಆಮೇಲೆ ಕಂತೆಯ ತಳದಿಂದ ಒಂದನ್ನು ಎಳೆದು ಕಾಜ ಮಾತ್ರ ನೋಡಿದಳು. ನನ್ನ ಕಡೆ ತಿರುಗಲಿಲ್ಲ. ನನ್ನ ಕೈಯಲ್ಲಿ ಒಂದು ಕಾಲುಚೀಲ ಇತ್ತು, ಅದರ ಜೋಡಿ ಯಾವುದೆಂದೇ ಮರೆತುಹೋಗಿತ್ತು.

"ಏನಾದ್ರೂ ತಪ್ಪಿದೆಯೇನಮ್ಮ?" ಎಂದರು ಡೀಕನ್ನರು.

ಕಣಜದಲ್ಲಿದ್ದವರೆಲ್ಲ ಅವಳ ಬಾಯಿ ನೋಡಿದರು.

"ಇಲ್ಲ" ಎಂದಳು ಅತ್ತಿಗೆ. "ಕಾಜ ಬಹಳ ಚೆನ್ನಾಗಿದೆ."

ಮನೆಗೆ ಅತ್ತಿಗೆ ಮುಂದೆ, ನಾನು ಹಿಂದೆ ಹೊರಟೆವು. ಕಲ್ಲುಗೋಡೆಯ ಪಕ್ಕ, ಎಲೆ ಉದುರಿದ ಮೇಪಲ್ ಮರಗಳ ಕೆಳಗೆ ಬಂದಾಗ ನಿಂತಳು.

"ಎಷ್ಟು?"

"ಏನು ಎಷ್ಟು?"

"ನಾಟಕ ಬೇಡ ಕಣೇ. ಅವಳಿಗೆ ಎಷ್ಟು ಅಂಗಿ ಹೊಲಿದೆ?"

"ಮೂವತ್ತೊಂದು."

"ನನಗೆ?"

"ಈ ವರ್ಷ... ಇಪ್ಪತ್ತೆರಡು."

ಅವಳ ತುಟಿ ಲೆಕ್ಕ ಹಾಕಿತು. "ಒಂಬತ್ತು ಜಾಸ್ತಿ! ನನ್ನ ಉಪ್ಪು ತಿಂದು, ಅವಳಿಗೆ ಒಂಬತ್ತು ಜಾಸ್ತಿ!"

"ನಿನ್ನ ಉಪ್ಪಲ್ಲ, ನಮ್ಮಣ್ಣನ ಉಪ್ಪು."

ಇಪ್ಪತ್ಮೂರು ವರ್ಷದಲ್ಲಿ ನಾನು ಎದುರಾಡಿದ್ದು ಅದೇ ಮೊದಲು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನಾನೇನು ಮಾಡಿದೀನಿ ನಿನಗೆ?"

"ಏನೂ ಮಾಡಿಲ್ಲ. ಒಂದು ದಿನ, ಒಂದೇ ಒಂದು ದಿನ, 'ಹೊಲಿಗೆ ನಮ್ಮ ಸಬ್ಮಿಟ್‌ದು' ಅಂತ ಹೇಳಿದ್ಯಾ? ನಿನ್ನ ಬಟ್ಟೇನ ಎತ್ತಿ ತೋರಿಸ್ತಾರೆ, ತಲೆ ತಗ್ಗಿಸಿ ನಿಂತ್ಕೋತೀಯ. ನಾನು ಪಕ್ಕದಲ್ಲೇ ಇರ್ತೀನಿ ಅತ್ತಿಗೆ. ಕಂಬದ ಹಾಗೆ."

"ಅದಕ್ಕೆ ಅವಳ ಹತ್ರ ಹೋದ್ಯಾ? ಅವಳು ಹೇಳಿದ್ಲಾ ನಿನ್ನ ಹೆಸರು ಡೀಕನ್ನರಿಗೆ?"

ಅವಳೂ ಹೇಳಿರಲಿಲ್ಲ, ಹೇಳುವಂತಿರಲಿಲ್ಲ. ಲೋಯಿಸಳ ಕೈಯ ವಿಷಯ ಬಾಯಿಗೆ ಬಂತು, ಹೇಳಿಬಿಟ್ಟೆ. ಅತ್ತಿಗೆಯ ಕೈಗೆ ನಾನೇ ಚಾಕು ಕೊಟ್ಟಿದ್ದೆ. ಡೀಕನ್ನರ ಮುಂದೆ ಒಂದು ಮಾತು ಆಡಿದರೆ ಸಾಕಿತ್ತು, ಹಿಮ ಬೀಳುವ ಮುಂಚೆ ಲೋಯಿಸ್ ಗಡಿಯಾಚೆ ಇರುತ್ತಿದ್ದಳು.

ಮರುದಿನ ಬೆಳಿಗ್ಗೆ ಅತ್ತಿಗೆ ಗಂಜಿಯನ್ನೂ ಕುಡಿಯದೆ ಮೇಲಂಗಿ ಹೊದ್ದು ಹೊರಟಳು. ನಾನು ಹಿಂದೆ ಓಡಿದೆ. "ಅತ್ತಿಗೆ, ಬೇಡ. ನಿನ್ನ ಕಾಲಿಗೆ ಬೀಳ್ತೀನಿ." ಅವಳು ತಿರುಗಿ ನೋಡಲಿಲ್ಲ. ದಾರಿ ಕವಲೊಡೆಯುವಲ್ಲಿ ಡೀಕನ್ನರ ಮನೆ ಎಡಕ್ಕೆ. ಅವಳು ಬಲಕ್ಕೆ ನಡೆದಳು.

ಲೋಯಿಸ್ ಬಾಗಿಲು ತೆರೆದವಳು ಇಬ್ಬರನ್ನೂ ನೋಡಿ ಎಲ್ಲ ಅರ್ಥ ಮಾಡಿಕೊಂಡಳು.

"ಕೈ ತೋರ್ಸು" ಎಂದಳು ಅತ್ತಿಗೆ.

ಲೋಯಿಸ್ ಕೈಗವಸು ಕಳಚಿದಳು. ಅತ್ತಿಗೆ ಆ ಕೈಯನ್ನು ಹಿಡಿದು, ಬಟ್ಟೆ ನೋಡುವ ಹಾಗೆ ಬೆಳಕಿಗೆ ತಿರುಗಿಸಿ ನೋಡಿದಳು.

"ಇದರಲ್ಲಿ ನಾಲ್ಕನೇ ಅಂಗಿ ತೆಗೆದ್ಯಾ?"

"ಹೂಂ, ಕೆಜಾಯಕ್ಕ."

"ಊರವರ ಮುಂದೆ ನನ್ನ ಮುಖಕ್ಕೆ ಮಸಿ ಬಳಿದೆ. ಈಗ ನನ್ನ ನಾದಿನೀನೂ ಕದ್ದೆ."

ಲೋಯಿಸ್ ಕೈ ಎಳೆದುಕೊಂಡಳು. ಅವಳ ಧ್ವನಿ ಗಟ್ಟಿಯಾಯಿತು. "ಕದ್ದೆ. ಹೇಳಿ ಹೋಗಿ ಡೀಕನ್ನರಿಗೆ. ನೀವು ನನ್ನ ಕಂಡು ಉರ್ಕೋತೀರಿ ಅಂತ ಊರೆಲ್ಲ ನಗುತ್ತೆ. ನಾನು ನಿಮ್ಮನ್ನ ಕಂಡು ಎಷ್ಟು ಉರ್ಕೋತೀನಿ ಅಂತ ಯಾರಿಗಾದ್ರೂ ಗೊತ್ತಾ?"

"ನನ್ನ ಕಂಡಾ?"

"ಮತ್ತಿನ್ಯಾರನ್ನ?"

"ಯಾಕೆ?"

"ಯಾಕೆ ಅಂದ್ರೆ! ನಿಮ್ಮ ಹೊಗೆಗೂಡಲ್ಲಿ ದಿನಾ ಹೊಗೆ ಏಳುತ್ತೆ. ಗಂಡ ಬದುಕಿದ್ದಾರೆ, ತಮಾಷೆ ಮಾಡ್ತಾರೆ."

ಅತ್ತಿಗೆ ಅಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕೂತಳು. "ಮತ್ತೆ?"

"ಮತ್ತೆ ನಿಮ್ಮ ಬಟ್ಟೆ. ಬೇರೆಯವರ ಬಟ್ಟೆ ಮೇಲೆ ಕತ್ತರಿ ಇಟ್ರೆ ಕೈ ತಾನಾಗಿ ಹೋಗುತ್ತೆ. ನಿಮ್ಮದು ಬಂದ್ರೆ ಅರ್ಧ ದಿನ ಹಾಗೇ ಮುಟ್ಟಿಕೊಂಡು ಕೂತಿರ್ತೀನಿ. ನನ್ನ ಎರಡು ಕೈ ನೆಟ್ಟಗಿದ್ರೂ ಅಂಥದ್ದು ಮಾಡೋಕೆ ಬರ್ತಿರ್ಲಿಲ್ಲ."

"ಮತ್ತೆ?" ಎಂದಳು ಅತ್ತಿಗೆ. ಅವಳ ಕಿವಿ ಕೆಂಪಾಗಿತ್ತು. ತನ್ನ ಜನ್ಮದಲ್ಲಿ ಎಲ್ಲರನ್ನೂ ಕಂಡು ಕರುಬಿದವಳು, ತನ್ನನ್ನು ಕಂಡು ಒಬ್ಬಳು ಕರುಬಿದ್ದನ್ನು ಈಗ ಮೊದಲ ಸಲ ಕೇಳುತ್ತಿದ್ದಳು. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಸಿಕೊಂಡವಳ ಹಾಗೆ ಕೂತಿದ್ದಳು.

"ಮತ್ತೆ ಇವಳು" ಎಂದು ಲೋಯಿಸ್ ನನ್ನ ಕಡೆ ಗಲ್ಲ ತೋರಿಸಿದಳು. "ಇಂಥ ಕೈ ಮನೇಲಿದೆ, ನಿಮಗೆ ಕಾಣ್ಸೋದೇ ಇಲ್ಲ."

ಅತ್ತಿಗೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಪಶ್ಚಾತ್ತಾಪ ಇತ್ತೆಂದು ನಾನು ಹೇಳಲಾರೆ. ಸಂತೆಯಲ್ಲಿ ಬೇರೆ ಯಾರೋ ತನ್ನ ಹಸುವಿಗೆ ಬೆಲೆ ಕಟ್ಟಿದಾಗ ಯಜಮಾನ ಅದನ್ನು ಹೊಸದಾಗಿ ನೋಡುತ್ತಾನಲ್ಲ, ಹಾಗಿತ್ತು. ಆಮೇಲೆ ಎದ್ದಳು.

"ಕತ್ತರಿ ಎತ್ಕೋ. ಈ ಬೂಸಲು ಹಿಡಿದ ಕೋಣೇಲಿ ಬಟ್ಟೆ ಹಾಳಾಗುತ್ತೆ. ನಮ್ಮನೆ ಮೇಜು ಉದ್ದ ಇದೆ. ಹೊಗೆಗೂಡಿನ ಪಕ್ಕ ಮಲಗೋಕೆ ಜಾಗ ಇದೆ. ಮನೆ, ಜಮೀನು ಇರೋರ ಆಸರೆಯಲ್ಲಿ ಇದ್ರೆ ಯಾವನೂ ಚೀಟಿ ಕೊಡಲ್ಲ." ಬಾಗಿಲಲ್ಲಿ ತಿರುಗಿ, "ಆದ್ರೆ ಅಂಗಿ ಟಟಲ್ ಮನೆ ಹೆಸರಿಗೆ" ಎಂದಳು.

ಲೋಯಿಸ್ ಅತ್ತಳು. ನಾನು ಅವಳ ಸಾಮಾನು ಕಟ್ಟಿಕೊಟ್ಟೆ. ನನಗೆ ಸಂತೋಷವಾಗಬೇಕಿತ್ತು, ಭಯಪಟ್ಟಿದ್ದು ನಡೆಯಲಿಲ್ಲ, ಒಬ್ಬ ಹೆಂಗಸು ಉಳಿದುಕೊಂಡಳು. ಆದರೆ ಆ ಕೋಣೆಯ ಬಾಗಿಲು ಎಳೆದುಕೊಂಡವಳು ಮತ್ತೆ ತೆರೆದು ಒಮ್ಮೆ ಒಳಗೆ ನೋಡಿದೆ. ಅತ್ತಿಗೆಗೆ ಗೊತ್ತಿಲ್ಲದ್ದು ಎಂದು ನನಗೆ ಇದ್ದದ್ದು ಅದೊಂದೇ ಜಾಗ, ಲೋಯಿಸ್ ಒಬ್ಬಳೇ ಗೆಳತಿ. ಈಗ ಅವಳನ್ನೂ ಅತ್ತಿಗೆ ಮನೆಗೆ ತಂದುಕೊಂಡಳು.

ಆಮೇಲಿನ ಭಾನುವಾರದಿಂದ ಡೀಕನ್ನರು 'ಟಟಲ್ ಮನೆ' ಎಂದು ಓದತೊಡಗಿದರು. ಬೇರೆ ಬೇರೆ ಹೆಸರು ಯಾರದೂ ಇರಲಿಲ್ಲ. ಮೂವರೂ ಸಾಲಾಗಿ ನಿಂತು ಕೇಳಿಸಿಕೊಳ್ಳುತ್ತಿದ್ದೆವು, ಮೂವರಿಗೂ ಸ್ವಲ್ಪ ಸ್ವಲ್ಪ ಸಿಟ್ಟು.

ಜನವರಿಯಲ್ಲಿ ಸುದ್ದಿ ಬಂತು. ಮುಂದಕ್ಕೆ ಬಂಡಿ ಸಿಗದೆ ನಮ್ಮೂರಿನ ಮೂಟೆಗಳು ಎರಡು ದಿನದ ದಾರಿಯ ದೂರದಲ್ಲಿ, ನದಿದಂಡೆಯ ಒಂದು ಕೊಟ್ಟಿಗೆಯಲ್ಲಿ ಬಿದ್ದಿವೆ. ನದಿಯಾಚೆ ದಂಡಿನವರು ಹರಕು ಕಂಬಳಿ ಸುತ್ತಿಕೊಂಡಿದ್ದಾರಂತೆ. ಅತ್ತಿಗೆ ಆ ಸುದ್ದಿ ಕೇಳಿ ಮಗ್ಗದಿಂದ ಎದ್ದು, "ರೀ, ಎತ್ತು ಕಟ್ಟಿ" ಎಂದಳು. ಅಣ್ಣ ಹಿಮಬಂಡಿ ಹೂಡಿದ. ಇಬ್ಬರೂ ಹೋದವರು ಆರನೆಯ ದಿನ ವಾಪಸು ಬಂದರು. ಅತ್ತಿಗೆಯ ಮೂಗಿನ ತುದಿ ಚಳಿಗೆ ಕಪ್ಪಾಗಿತ್ತು.

"ದಾಟಿಸಿದ್ವಿ" ಎಂದಳು. "ಆ ಕೊಟ್ಟಿಗೇಲಿ ಇನ್ಯಾವುದೋ ಊರಿನ ಮೂಟೆ ಬಿಚ್ಚಿಕೊಂಡಿತ್ತು. ಏನ್ ನೀಲಿ ಅಂತೀಯ! ಅಷ್ಟು ಗಾಢ ಹೇಗೆ ತಂದ್ರೋ, ಮುಂಡೇವು." ಇಷ್ಟು ಹೇಳಿ ಬೆಂಕಿಯ ಮುಂದೆ ಕೂತಳು.

ಉಳಿದದ್ದನ್ನು ಹೇಳಿದವನು ಅಣ್ಣ. ದೋಣಿಗಟ್ಟೆಯಲ್ಲಿ ಒಬ್ಬ ಸಿಪಾಯಿ ಮೈಮೇಲೆ ಅಂಗಿಯೇ ಇಲ್ಲದೆ, ಕೋಟನ್ನು ಹಗ್ಗದಿಂದ ಬಿಗಿದುಕೊಂಡು ಮೂಟೆ ಎತ್ತಲು ಬಂದಿದ್ದನಂತೆ. ಅತ್ತಿಗೆ ಮೂಟೆಯ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಒಂದು ಅಂಗಿ ಎಳೆದು ಕೊಟ್ಟಳಂತೆ. ನೀಲಿ ಬಿಳಿ ಚೌಕಳಿಯದು. ಅವನು ಅಲ್ಲೇ ತೊಟ್ಟು, ಕಾಜದೊಳಗೆ ಗುಂಡಿ ತೂರಿಸಲು ಬೆರಳು ಆಡದೆ ಒದ್ದಾಡಿದಾಗ ಇವಳೇ ಹಾಕಿದಳಂತೆ. "ಯಾರ ಕೈಕೆಲಸ ಅಮ್ಮ ಇದು?" ಎಂದು ಅವನು ಕೇಳಿದ. ಅತ್ತಿಗೆ, "ನಮ್ಮ ಮನೇವರದು" ಎಂದಳಂತೆ.

"ಹೆಸರು ಹೇಳ್ಲಿಲ್ವಾ?" ಎಂದು ಕೇಳಿದೆ.

"ನಿನ್ನದೂ ಹೇಳ್ಲಿಲ್ಲ, ತನ್ನದೂ ಹೇಳ್ಲಿಲ್ಲ" ಎಂದ ಅಣ್ಣ. "ಅಳ್ತಾ ಇದ್ಲು ಕಣೇ. ನಾನು ನೋಡಿದ್ದು ಹೇಳ್ಬೇಡ."

ಲೋಯಿಸ್ ನಮ್ಮ ಮನೆಯಲ್ಲಿ ನಾಲ್ಕು ವರ್ಷ ಇದ್ದಳು. ಜಗಳವಿಲ್ಲದ ವಾರವಿರಲಿಲ್ಲ. ಕಿಟಕಿಯ ಪಕ್ಕದ ಜಾಗ ಯಾರಿಗೆ, ಅಣ್ಣನ ತಮಾಷೆಗೆ ಹೆಚ್ಚು ನಕ್ಕವರು ಯಾರು, ಲೋಯಿಸ್ ಯಾರ ಕಡೆ ಮುಖ ಮಾಡಿ ಕಥೆ ಹೇಳಿದಳು, ಎಲ್ಲಕ್ಕೂ ಜಗಳ. ಯುದ್ಧದ ಕೊನೆಕೊನೆಗೆ ಉತ್ತರದ ವರ್ಮಾಂಟ್ ಗುಡ್ಡಗಳಿಂದ ಬಂದಿದ್ದ ಒಬ್ಬ ಹಿಟ್ಟಿನ ಗಿರಣಿಯವನು ಅವಳನ್ನು ಮದುವೆಯಾಗಿ ಕರೆದುಕೊಂಡು ಹೋದ. ಅವಳು ಹೋದ ದಿನ ಅತ್ತಿಗೆ, "ಒಳ್ಳೇದಾಯ್ತು, ಮೇಜು ಖಾಲಿ ಆಯ್ತು" ಎಂದು ಮೇಜನ್ನು ಮೂರು ಸಲ ಒರೆಸಿದಳು. ಆ ಗಿರಣಿಯವನ ಕೋಟಿನಲ್ಲಿ ಅವಳು ಕಂಡುಹಿಡಿದಷ್ಟು ತಪ್ಪುಗಳನ್ನು ಬೇರೆ ಯಾವ ಕೋಟಿನಲ್ಲೂ ಕಂಡುಹಿಡಿದಿರಲಿಲ್ಲ.

ಲೋಯಿಸ್ ವರ್ಷಕ್ಕೆರಡು ಕಾಗದ ಬರೆಯುತ್ತಿದ್ದಳು. ಅತ್ತಿಗೆಗೆ ಬೈಬಲಿನ ಅಚ್ಚಕ್ಷರ ಓದಲು ಬರುತ್ತಿತ್ತು, ಕೈಬರಹ ಬರುತ್ತಿರಲಿಲ್ಲ. ಕಾಗದ ಇಬ್ಬರ ಹೆಸರಿಗೂ ಬರುತ್ತಿತ್ತು, ಓದುವವಳು ನಾನು.

"ನನ್ನ ವಿಷಯ ಏನು ಬರ್ದಿದ್ದಾಳೆ?" ಎಂದು ಅತ್ತಿಗೆ ಮಗ್ಗದ ಮೇಲಿಂದಲೇ ಕೇಳುತ್ತಿದ್ದಳು, ಬೇಕಾಗಿಲ್ಲ ಎನ್ನುವ ಹಾಗೆ.

"ಕೇಳಿದೆ ಅಂತ ಹೇಳು ಅಂದಿದ್ದಾಳೆ."

"ಅಷ್ಟೇನಾ?"

"ಅಷ್ಟೇ."

ಅಷ್ಟೇ ಇರುತ್ತಿರಲಿಲ್ಲ. 'ಕೆಜಾಯಕ್ಕನ ಬಟ್ಟೆ ನೋಡಿದ ಈ ಕಣ್ಣಿಗೆ ಇಲ್ಲಿಯ ಬಟ್ಟೆ ಯಾವುದೂ ಹಿಡಿಸುವುದಿಲ್ಲ' ಎಂದು ಒಮ್ಮೆ ಬರೆದಿದ್ದಳು.

ಇನ್ನೊಮ್ಮೆ ಅರ್ಧ ಪುಟ ಅತ್ತಿಗೆಯ ವಿಷಯವೇ. ಮೂಗಿಗೆ ಚಳಿಗಾಲದಲ್ಲಿ ಹಂದಿಯ ಕೊಬ್ಬು ಸವರುತ್ತಿದ್ದಾಳೋ ಇಲ್ಲವೋ, ಮಗ್ಗದ ಬಳಿ ಕೂತು ಬೆನ್ನು ನೋಯುತ್ತದೆಯೋ, 'ನನ್ನನ್ನು ಬೈದ ಹಾಗೆ ಈಗ ಯಾರನ್ನು ಬೈಯುತ್ತಾಳೆ, ಆ ಬೈಗುಳವಿಲ್ಲದೆ ನನ್ನ ಮನೆ ಬಣಗುಟ್ಟುತ್ತದೆ' ಎಂದೆಲ್ಲ. ಆ ಅರ್ಧ ಪುಟವನ್ನು ನಾನು ಓದಲಿಲ್ಲ. ಗೋಧಿಯ ಬೆಳೆಯ ಸಾಲಿನಿಂದ ನೇರವಾಗಿ ಗಿರಣಿಯ ಚಕ್ರದ ಸಾಲಿಗೆ ಹಾರಿದೆ. ಅತ್ತಿಗೆ ಲಾಳಿಯನ್ನು ಕೈಯಲ್ಲಿ ಹಿಡಿದು, ಇನ್ನೇನಾದರೂ ಬರುತ್ತದೆಂದು ಕಾದಿದ್ದಳು. ನಾನು ಕಾಗದ ಮಡಚಿದೆ. ಅವಳು ಮತ್ತೆ ನೇಯತೊಡಗಿದಳು.

ಆಕೆ ತೀರಿಕೊಂಡು ಈ ಮಾರ್ಚಿಗೆ ಒಂಬತ್ತು ವರ್ಷ. ಎದೆಯ ಜ್ವರ, ಐದೇ ದಿನ. ಆಕೆ ಇದ್ದಾಗ ಬಂದ ಕಾಗದಗಳೆಲ್ಲ ನನ್ನ ಪೆಟ್ಟಿಗೆಯಲ್ಲಿವೆ, ಹದಿನಾರು. ಲೋಯಿಸ್ ಈಗಲೂ ಬರೆಯುತ್ತಾಳೆ. ಹೋದ ಸಲ ಕೇಳಿದ್ದಳು: 'ಕೆಜಾಯಕ್ಕ ನನ್ನ ಒಂದು ಮಾತಿಗೂ ಯಾಕೆ ಉತ್ತರ ಹೇಳಿ ಕಳಿಸಲಿಲ್ಲ? ಕೊನೆಯವರೆಗೂ ನನ್ನ ಮೇಲೆ ಸಿಟ್ಟಿತ್ತೇ?' ಅದಕ್ಕೆ ಉತ್ತರ ಬರೆಯಲು ಇವತ್ತಿಗೆ ಮೂರು ಸಲ ಕೂತಿದ್ದೇನೆ. ಹವೆಯ ವಿಷಯ ಬರೆದಾಯಿತು, ಅಣ್ಣನ ಮಂಡಿನೋವಿನ ವಿಷಯ ಬರೆದಾಯಿತು. ಅಲ್ಲಿಂದ ಮುಂದೆ ಒಂದು ಸಾಲೂ ಹೋಗಿಲ್ಲ.